ಲಕ್ಕಮ್ಮ ವಾಪಸ್ ಕಳಿಸಿದ ಅಕ್ಕಿ

ಪ್ರಶ್ನೆ: ಸರ್, ನನಗೆ 29 ವರ್ಷ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, 6 ವರ್ಷ ಆಯ್ತು. ಹೊರದೇಶದ ಆಸ್ಪತ್ರೆಗಳು ಬಳಸೋ ಬಿಲ್ಲಿಂಗ್ ಸಾಫ್ಟ್‌ವೇರ್ ಅದು, ಅದನ್ನ ಬಳಸೋರ ಮುಖ ಒಂದ್ಸಲನೂ ನೋಡಿಲ್ಲ. ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದ್ರೆ ಸಾಕು, ಎದೆ ಮೇಲೆ ಕಲ್ಲು ಇಟ್ಟಂಗಾಗುತ್ತೆ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದೋರು, "ಕಾಯಕವೇ ಕೈಲಾಸ ಕಣೋ, ಸುಮ್ನೆ ಮಾಡು" ಅಂತಾರೆ. ನಮ್ಮ ಆಫೀಸ್ ಗೋಡೆ ಮೇಲೂ ಅದೇ ಮಾತು ಬರೆಸಿದಾರೆ, ಅದರ ಕೆಳಗೇ ಕೂತು ರಾತ್ರಿ 10ರ ತನಕ ಕೆಲಸ. ರಿಲೀಸ್ ಹತ್ರ ಬಂದಾಗ ಕೆಲವು ಟೆಸ್ಟ್ ರನ್ ಮಾಡದೇನೇ ಪಾಸ್ ಅಂತ ಹಾಕಿ ಅಂತಾನೂ ಹೇಳ್ತಾರೆ. ನಾನು ಸೋಮಾರಿನಾ? ಅರ್ಥ ಇರೋ ಕೆಲಸ ಅಂದ್ರೆ ಯಾವುದು? ಬಿಟ್ಬಿಡ್ಲಾ?

ಉತ್ತರ: ಮೊದಲನೇದಕ್ಕೆ ಮೊದಲು ಹೇಳಿಬಿಡ್ತೀನಿ, ನೀವು ಸೋಮಾರಿ ಅಲ್ಲ. ಸೋಮಾರಿ ಆಗಿದ್ರೆ ರನ್ ಮಾಡದ ಟೆಸ್ಟ್‌ಗೆ ಪಾಸ್ ಹಾಕಿ ಆರಾಮಾಗಿ ರೂಮಿಗೆ ಹೋಗಿ ಮಲಗ್ತಿದ್ರಿ, ನನಗೆ ಬರೀತಾ ಇರ್ಲಿಲ್ಲ. ನಾನು ಚಿಕ್ಕ ವಯಸ್ಸಲ್ಲಿ ಪೀಣ್ಯದ ಒಂದು ಮಷಿನ್ ಶಾಪಲ್ಲಿ ಕೆಲಸ ಮಾಡಿ, ಆಮೇಲೆ 28 ವರ್ಷ ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಕಲಿಸಿದವನು, ಈಗ ಕೆಲಸದ ವಿಷಯಕ್ಕೆ ತಲೆ ಕೆಟ್ಟಿರೋ ಹುಡುಗ ಹುಡುಗೀರ ಜೊತೆ ಕೂತು ಮಾತಾಡ್ತೀನಿ. ನಿಮ್ಮ ಥರದ ಪ್ರಶ್ನೆ ತಿಂಗಳಿಗೆ ನಾಲ್ಕೈದು ಬರುತ್ತೆ, ಆದ್ರೆ ಕಾಯಕವೇ ಕೈಲಾಸ ಅನ್ನೋದನ್ನ ಒಂದು ಕಡೆ ಅಪ್ಪನ ಬಾಯಲ್ಲಿ, ಇನ್ನೊಂದು ಕಡೆ ಆಫೀಸ್ ಗೋಡೆ ಮೇಲೆ ಇಟ್ಟು ಕೇಳಿದವರು ನೀವೇ ಮೊದಲು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಆ ಮಾತು ಬಸವಣ್ಣಂದು ಅಂತ ಬಹಳ ಜನ ಅಂದ್ಕೊಂಡಿದಾರೆ, ಬೋರ್ಡಲ್ಲೂ ಕೆಳಗಡೆ ಅವರ ಹೆಸರೇ ಹಾಕಿರ್ತಾರೆ. ಅದು ಬಂದಿರೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಹೆಂಡತಿ ಲಕ್ಕಮ್ಮನ ಜೊತೆ ಕಲ್ಯಾಣಕ್ಕೆ ಬಂದವನು ಅವನು, 12ನೇ ಶತಮಾನದಲ್ಲಿ. ಅವನ ಕೆಲಸ ಏನು ಗೊತ್ತಾ? ಬಸವಣ್ಣನ ಮನೆ ಅಂಗಳದಲ್ಲಿ ಚೆಲ್ಲಿ ಬಿದ್ದ ಅಕ್ಕಿ ಆಯ್ಕೊಂಡು ಬರೋದು. ಅಷ್ಟೇ. ಇವತ್ತಿನ ಲೆಕ್ಕದಲ್ಲಿ ರೆಸ್ಯುಮೆಯಲ್ಲಿ ಬರ್ಕೊಳ್ಳೋಕೂ ಆಗದಂಥ ಕೆಲಸ. ಆ ಮನುಷ್ಯ ಹೇಳಿದ್ದು, ಕಾಯಕದಲ್ಲಿ ಮುಳುಗಿದಾಗ ಗುರು ಬಂದ್ರೂ ಮರೀಬೇಕು, ಲಿಂಗಪೂಜೆನೂ ಮರೀಬೇಕು, ಎದುರಿಗೆ ಜಂಗಮ ನಿಂತಿದ್ರೂ ಅವನ ಹಂಗು ಇರಬಾರ್ದು ಅಂತ. ಸರಿಯಾಗಿ ಓದಿ ನೋಡಿ ಇದನ್ನ. ದೊಡ್ಡವರ ಮುಂದೆ ತಗ್ಗಿ ಬಗ್ಗಿ ಕೆಲಸ ಮಾಡು ಅನ್ನೋ ಮಾತಲ್ಲ ಇದು, ದೊಡ್ಡವರ ಹಂಗನ್ನೇ ಹರ್ಕೊಳ್ಳೋ ಮಾತು. ಇದನ್ನ ತಗೊಂಡು ಹೋಗಿ ಮ್ಯಾನೇಜರ್ ಹೇಳಿದ್ದಕ್ಕೆಲ್ಲ ತಲೆ ಆಡಿಸಿ ಅನ್ನೋ ಅರ್ಥಕ್ಕೆ ಗೋಡೆ ಮೇಲೆ ಬರೆಸಿದ್ರೆ ಮಾರಯ್ಯನಿಗೆ ಮಾಡೋ ಅನ್ಯಾಯ ಅದು.

ಈಗ ಲಕ್ಕಮ್ಮನ ಕಥೆಗೆ ಬರ್ತೀನಿ. ನನ್ನ ಪ್ರಕಾರ ಇಡೀ ವಿಷಯದ ಜೀವ ಇರೋದೇ ಅಲ್ಲಿ, ಆದ್ರೆ ಯಾರೂ ಅದನ್ನ ಗೋಡೆ ಮೇಲೆ ಬರೆಸಲ್ಲ. ಒಂದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಗೊಂಡು ಮನೆಗೆ ಬಂದ. ಬಸವಣ್ಣನೇ ಬೇಕಂತ ಜಾಸ್ತಿ ಚೆಲ್ಲಿಸಿದ್ದ ಅಂತ ಕಥೆ ಹೇಳೋರು ಹೇಳ್ತಾರೆ. ಮನೇಲಿ ಬಡತನ ಇದೆ, ನಾಳೆಗೂ ಆಗುತ್ತೆ, ಯಾವ ಹೆಂಡತಿ ಆದ್ರೂ ಖುಷಿ ಪಡ್ಬೇಕಾದ ವಿಷಯ. ಲಕ್ಕಮ್ಮ ಆ ಅಕ್ಕಿ ನೋಡಿ, ಇಷ್ಟು ಯಾಕೆ ತಂದೆ, ಆಸೆ ಅನ್ನೋದು ಅರಸರಿಗೆ ಇರಬಹುದು ನಮಗ್ಯಾಕೆ, ಹೋಗಿ ಹೆಚ್ಚಿಗೆ ಇರೋದನ್ನ ಅಲ್ಲೇ ಸುರಿದು ಬಾ ಅಂದ್ಲು. ಅವನು ಹೋಗಿ ಸುರಿದು ಬಂದ. ಅದೇ ಲಕ್ಕಮ್ಮ ಇನ್ನೊಂದು ಸಲ, ಗಂಡ ಮಾತಾಡ್ತಾ ಕೂತು ಕಾಯಕದ ಹೊತ್ತು ಮೀರಿಸಿದಾಗ, ಕಾಯಕ ನಿಂತಿದೆ ಎದ್ದು ಹೋಗು ಅಂತ ಎಬ್ಬಿಸಿ ಕಳಿಸಿದವಳು. ಎರಡನ್ನೂ ಒಬ್ಬಳೇ ಹೇಳಿದ್ದು. ಕೆಲಸ ತಪ್ಪಿಸಬೇಡ ಅಂದವಳೂ ಅವಳೇ, ಇಷ್ಟು ಸಾಕು ಅಂದವಳೂ ಅವಳೇ. ನಮ್ಮ ಕಾಲದವರು ಮೊದಲನೇ ಮಾತು ಇಟ್ಕೊಂಡು ಎರಡನೇದನ್ನ ಬಿಟ್ಟುಬಿಟ್ವಿ, ಹಾಗಾಗಿ ಕಾಯಕ ಅನ್ನೋ ಪದ ಬರೀ ದುಡಿತ ಆಗಿ ಕೂತಿದೆ.

2023ರ ಅಕ್ಟೋಬರಲ್ಲಿ ಇನ್ಫೋಸಿಸ್ ಕಟ್ಟಿದ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ಎಷ್ಟು ಚರ್ಚೆ ಆಯ್ತು ನೆನಪಿರಬೇಕಲ್ಲ ನಿಮಗೆ. ಅವರು ತಮ್ಮ ಜೀವನದಲ್ಲಿ ಹಾಗೇ ದುಡಿದವರು, ಅದರ ಬಗ್ಗೆ ನನಗೆ ಗೌರವ ಇದೆ. ಆದ್ರೆ ತಾನು ಕಟ್ಟಿದ ಮನೆಗೆ ಕಲ್ಲು ಹೊರೋದು ಬೇರೆ, ಕೂಲಿಗೆ ಹೊರೋದು ಬೇರೆ. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿದ್ದು ಕಾರ್ಮಿಕರು ಸೋಮಾರಿಗಳು ಅಂತ ಅಲ್ಲ, ಸುಸ್ತಾದ ಕೈ ಮಷಿನ್‌ಗೆ ಸಿಗುತ್ತೆ, ಸುಸ್ತಾದ ಕಣ್ಣು ತಪ್ಪು ನೋಡಲ್ಲ ಅನ್ನೋದು ಶಾಪ್ ಫ್ಲೋರಲ್ಲಿ ನಿಂತ ಯಾರಿಗಾದ್ರೂ ಗೊತ್ತು. ರಾತ್ರಿ 9 ಗಂಟೆ ಮೇಲೆ ನೀವು ಮಾಡೋ ಟೆಸ್ಟಿಂಗ್ ಎಷ್ಟು ಸರಿ ಇರುತ್ತೆ, ನೀವೇ ಹೇಳಿ.

ಸರಿ, ಎರಡನೇ ಪ್ರಶ್ನೆ, ಅರ್ಥ ಇರೋ ಕೆಲಸ ಯಾವುದು. ಡಾಕ್ಟರ್, ಟೀಚರ್, ಸೈನಿಕ, ರೈತ ಇವರದ್ದು ಅರ್ಥ ಇರೋ ಕೆಲಸ, ನಮ್ಮದು ಹೊಟ್ಟೆಪಾಡು ಅಂತ ಒಂದು ಲೆಕ್ಕ ಹಾಕ್ಕೊಂಡಿರ್ತೀವಿ. ನಾನು ಕಂಡ ಹಾಗೆ ಅದು ತಪ್ಪು ಲೆಕ್ಕ. ಅಮೆರಿಕದಲ್ಲಿ ಏಮಿ ವ್ರೆಜ್ನೆವ್ಸ್ಕಿ, ಜೇನ್ ಡಟನ್ ಅನ್ನೋ ಇಬ್ಬರು ಸಂಶೋಧಕಿಯರು ಒಂದು ಆಸ್ಪತ್ರೆಯ ಕ್ಲೀನಿಂಗ್ ಸಿಬ್ಬಂದಿನ ಮಾತಾಡಿಸಿ 2001ರಲ್ಲಿ ಬರೆದಿದ್ರು. ಒಂದೇ ಆಸ್ಪತ್ರೆ, ಒಂದೇ ಹುದ್ದೆ, ಆದ್ರೆ ಕೆಲವರು ನಮ್ಮದು ನೆಲ ಒರೆಸೋ ಕೆಲಸ ಅಂದ್ರು, ಇನ್ನು ಕೆಲವರು ರೋಗಿ ಹುಷಾರಾಗೋದ್ರಲ್ಲಿ ನಮ್ಮ ಕೈನೂ ಇದೆ ಅಂದ್ರು, ಅಂದಿದ್ದು ಮಾತ್ರ ಅಲ್ಲ, ಅವರು ಮಾಡೋ ಕೆಲಸವೇ ಬೇರೆ ಥರ ಇತ್ತು, ರೋಗಿ ಹತ್ರ, ನೋಡೋಕೆ ಬಂದವರ ಹತ್ರ ಮಾತಾಡೋರು, ನರ್ಸ್‌ಗಳಿಗೆ ಕೈ ಜೋಡಿಸೋರು. ಇನ್ನೊಂದು, ಆಡಮ್ ಗ್ರಾಂಟ್ ಅನ್ನೋರ ತಂಡ 2007ರಲ್ಲಿ ಪ್ರಕಟಿಸಿದ್ದು. ಒಂದು ಯೂನಿವರ್ಸಿಟಿ ಪರವಾಗಿ ಜನರಿಗೆ ಫೋನ್ ಮಾಡಿ ದೇಣಿಗೆ ಕೇಳೋ ಕೆಲಸದವರು, ದಿನವಿಡೀ ಬೈಸ್ಕೊಳ್ಳೋ ಕೆಲಸ. ಅವರಲ್ಲಿ ಕೆಲವರಿಗೆ, ಆ ದೇಣಿಗೆಯಿಂದ ಸ್ಕಾಲರ್‌ಶಿಪ್ ಸಿಕ್ಕಿದ ಒಬ್ಬ ವಿದ್ಯಾರ್ಥಿಯನ್ನ ಬರೀ ಐದು ನಿಮಿಷ ಭೇಟಿ ಮಾಡಿಸಿದ್ರು. ತಿಂಗಳಾದ ಮೇಲೆ ನೋಡಿದ್ರೆ ಅವರು ಫೋನಲ್ಲಿ ಕಳೆಯೋ ಹೊತ್ತೂ, ತಂದ ದುಡ್ಡೂ ಎರಡು ಪಟ್ಟಿಗಿಂತ ಜಾಸ್ತಿ ಆಗಿತ್ತು. ಸಂಬಳ ಏನೂ ಏರಿಸಿರ್ಲಿಲ್ಲ, ಒಂದು ಮುಖ ತೋರಿಸಿದ್ರು ಅಷ್ಟೇ.

ನೀವೇ ಬರೆದಿದೀರಲ್ಲ, ಬಳಸೋರ ಮುಖ ನೋಡಿಲ್ಲ ಅಂತ. ನಿಮ್ಮ ಎದೆ ಮೇಲಿನ ಕಲ್ಲಲ್ಲಿ ಅರ್ಧ ಭಾರ ಅದರದ್ದೇ ಅನ್ಸುತ್ತೆ ನನಗೆ. ಹಂಗಾಗಿ ನಾಳೆ ಒಂದು ಕೆಲಸ ಮಾಡಿ, ನಿಮ್ಮ ಸಪೋರ್ಟ್ ಟೀಮ್ ಹತ್ರ ಹೋಗಿ, ಬಳಕೆದಾರರು ಕಳಿಸಿರೋ ಒಂದು ಹತ್ತು ಕಂಪ್ಲೇಂಟ್ ತೆಗೆಸ್ಕೊಂಡು ಪೂರ್ತಿ ಓದಿ. ಕೋಡ್ ನಂಬರ್ ನೋಡೋಕೆ ಅಲ್ಲ, ಅಲ್ಲಿ ಏನಾಯ್ತು ಅಂತ ನೋಡೋಕೆ. ಆಸ್ಪತ್ರೆ ಬಿಲ್ಲಲ್ಲಿ ಒಂದೇ ಸ್ಕ್ಯಾನ್‌ಗೆ ಎರಡು ಸಲ ಚಾರ್ಜ್ ಬಿತ್ತು ಅಂದ್ರೆ ಕೌಂಟರ್ ಆಚೆ ಒಬ್ಬ ಹೆಂಗಸು, ಗಂಡನನ್ನ ಡಿಸ್ಚಾರ್ಜ್ ಮಾಡಿಸ್ಕೊಳ್ಳೋಕೆ ನಿಂತೋಳು, ದುಡ್ಡು ಸಾಲದೆ ಮತ್ತೊಂದು ಗಂಟೆ ನಿಲ್ತಾಳೆ. ಕೌಂಟರ್ ಒಳಗೆ ಕೂತ ಕ್ಲರ್ಕ್ ತಾನು ಮಾಡದ ತಪ್ಪಿಗೆ ಬೈಸ್ಕೊಳ್ತಾನೆ. ಕ್ಲೇಮಲ್ಲಿ ಒಂದು ದಿನಾಂಕ ತಪ್ಪಿದ್ರೆ ಇನ್ಶೂರೆನ್ಸ್ ಕಂಪನಿಯವರು ಅದನ್ನ ವಾಪಸ್ ಕಳಿಸ್ತಾರೆ. ಬಿಲ್ಲಿನ ಮುಂದೆ ನಿಂತ ಮನುಷ್ಯ ಯಾವ ದೇಶದವನಾದ್ರೂ ಒಂದೇ ಥರ ಹೆದರಿರ್ತಾನೆ. ಇವರೆಲ್ಲರಿಗಿಂತ ಮುಂಚೆ ಆ ಬಿಲ್ಲನ್ನ ನೋಡೋ ಕಣ್ಣು ನಿಮ್ಮದು. ಇದನ್ನ ಸಣ್ಣ ಕೆಲಸ ಅಂತ ನಿಮಗೆ ಯಾರು ಹೇಳಿದ್ರು?

ಮುಖ ಒಂದೇ ಇದ್ರೆ ಸಾಕಾಗಲ್ಲ, ಕೈನೂ ಬೇಕು. ಐಟಿಐ ಫಿಟ್ಟರ್‌ಗೆ ಸೇರಿದ ಹುಡುಗ್ರಿಗೆ ಶುರುವಲ್ಲೇ ಒಂದು ಎಂಎಸ್ ತುಂಡು, ಅಂದ್ರೆ ಮೆದು ಉಕ್ಕಿನ ತುಂಡು ಕೊಡ್ತೀವಿ, ವೈಸ್ ಅನ್ನೋ ಹಿಡಿಕೆಗೆ ಕಟ್ಟಿ ಫೈಲ್, ಅಂದ್ರೆ ಅರ ಹಿಡಿದು ಉಜ್ಜೋದು. ಮೊದಲು ಒರಟು ಹಲ್ಲಿನ ಬಾಸ್ಟರ್ಡ್ ಫೈಲ್, ಆಮೇಲೆ ಸೆಕೆಂಡ್ ಕಟ್, ಕೊನೆಗೆ ನುಣ್ಣಗಿನ ಸ್ಮೂತ್. ಲೋಹದ ಪುಡಿ ಹಲ್ಲಿಗೆ ಸಿಕ್ಕೊಂಡು ಮೈ ಗೀರಬಾರ್ದು ಅಂತ ಫೈಲ್‌ಗೆ ಚಾಕ್‌ಪೀಸ್ ಉಜ್ಜಿರ್ತೀವಿ. ಕೇಳೋಕೆ ಸುಲಭ, ಆದ್ರೆ ಕೈ ಸ್ವಲ್ಪ ತೊಟ್ಟಿಲ ಥರ ತೂಗಿದ್ರೂ ಸಾಕು, ಅಂಚು ತಗ್ಗಿ ಮಧ್ಯ ಉಬ್ಬುತ್ತೆ, ಮೊದಮೊದಲು ಎಲ್ಲರ ಜಾಬೂ, ಅಂದ್ರೆ ಉಜ್ಜಿದ ತುಂಡೂ, ಹಂಗೇ ಬರೋದು. ಅಂಗೈಯಲ್ಲಿ ಬೊಬ್ಬೆ ಬರುತ್ತೆ, ಒಡೆಯುತ್ತೆ, ಗಟ್ಟಿ ಆಗುತ್ತೆ. ಸರಿ ಇದೆಯಾ ನೋಡೋದು ಹೇಗೆ ಅಂದ್ರೆ ಟ್ರೈ ಸ್ಕ್ವೇರ್ ಅನ್ನೋ ಮೂಲೆಮಟ್ಟ ಇಟ್ಟು ಕಿಟಕಿ ಕಡೆ ಎತ್ತಿ ಹಿಡಿಯೋದು, ಸ್ಕ್ವೇರಿನ ಬ್ಲೇಡ್‌ಗೂ ಜಾಬ್‌ಗೂ ನಡುವೆ ಬೆಳಕಿನ ಗೆರೆ ಕಂಡ್ರೆ ಇನ್ನೂ ಆಗಿಲ್ಲ ಅಂತ.

ಒಬ್ಬ ಹುಡುಗ ಇದ್ದ, ಹಳ್ಳಿಯಿಂದ ಬಸ್ಸಲ್ಲಿ ಬರೋನು, ದಿನಕ್ಕೆ ಹತ್ತು ಸಲ ತಂದು ತೋರಿಸೋನು, "ಸರ್ ಇಷ್ಟು ಸಾಕಾ?" ನಾನು ಹಿಡಿದು ನೋಡಿ ವಾಪಸ್ ಕೊಡೋದು, ಅವನು ಮುಖ ಸಣ್ಣದು ಮಾಡ್ಕೊಂಡು ಹೋಗೋದು. ಹಿಂಗೇ ಎಷ್ಟೋ ವಾರ ನಡೀತು. ಒಂದಿನ ಮಧ್ಯಾಹ್ನ ಊಟ ಆದ್ಮೇಲೆ ನಾನು ನನ್ನ ಟೇಬಲ್ ಹತ್ರ ಕೂತು ನೋಡ್ತಿದ್ದೆ, ಅವನು ಜಾಬ್ ಬಿಚ್ಚಿ ತಾನೇ ಕಿಟಕಿ ಹತ್ರ ಹೋದ, ಒಂದು ಕಣ್ಣು ಮುಚ್ಚಿ ನೋಡಿದ, ತುಂಡು ತಿರುಗಿಸಿ ಇನ್ನೊಂದು ಕಡೆ ನೋಡಿದ, ತಲೆ ಅಲ್ಲಾಡಿಸಿ ವಾಪಸ್ ಬಂದು ವೈಸ್‌ಗೆ ಕಟ್ಟಿ ಮತ್ತೆ ಉಜ್ಜೋಕೆ ಶುರು ಮಾಡ್ದ. ನನ್ನ ಕಡೆ ನೋಡ್ಲೇ ಇಲ್ಲ. ನನಗೆ ಅವತ್ತು ಆದಷ್ಟು ಸಂತೋಷ ಅವನ ರಿಸಲ್ಟ್ ಬಂದಾಗಲೂ ಆಗಿಲ್ಲ. ಅಲ್ಲೀತನಕ ಅವನು ನನಗೋಸ್ಕರ ಉಜ್ಜುತಾ ಇದ್ದ, ಅವತ್ತು ಆ ಬೆಳಕಿಗೋಸ್ಕರ ಉಜ್ಜಿದ. ನಾನು ಹರ್ಕೊಳ್ಳಬೇಕಾದ ಹಂಗು ಅಂದಿದ್ನಲ್ಲ ಮಾರಯ್ಯನ ಮಾತಲ್ಲಿ, ಅದು ಇದೇ.

ನಿಮ್ಮ ಕೆಲಸದಲ್ಲಿ ಆ ಕಿಟಕಿ ಎಲ್ಲಿದೆ ಅಂತ ನಿಮಗೇ ಚೆನ್ನಾಗಿ ಗೊತ್ತಿರುತ್ತೆ. ಒಂದು ಬಗ್ ರಿಪೋರ್ಟನ್ನ ಓದಿದ ಡೆವಲಪರ್ ಮತ್ತೆ ನಿಮಗೆ ಫೋನ್ ಮಾಡದೆ ಅದೇ ತಪ್ಪನ್ನ ತನ್ನ ಸಿಸ್ಟಮಲ್ಲಿ ಕಾಣೋ ಹಂಗೆ ಬರೆಯೋದು, ಸ್ಕ್ರಿಪ್ಟಲ್ಲಿ ಇಲ್ಲದ ಆದ್ರೆ ಕೌಂಟರಲ್ಲಿ ನಡೆಯೋ ಒಂದು ಪರಿಸ್ಥಿತಿನ ಯೋಚನೆ ಮಾಡಿ ಹಾಕಿ ನೋಡೋದು, ಇಂಥವು. ಅಪ್ರೈಸಲ್ಲಲ್ಲಿ ಇದಕ್ಕೆ ಮಾರ್ಕ್ಸ್ ಸಿಗದೇನೂ ಇರಬಹುದು. ಸಿಗಲಿ ಬಿಡಲಿ, ದಿನಕ್ಕೆ ಒಂದಾದ್ರೂ ಹಿಂಗೆ ಮಾಡಿ ನೋಡಿ, ಲ್ಯಾಪ್‌ಟಾಪ್ ಮುಚ್ಚುವಾಗ ಬೇರೆ ಥರ ಇರುತ್ತೆ.

ಇನ್ನು ರನ್ ಮಾಡದ ಟೆಸ್ಟ್‌ಗೆ ಪಾಸ್ ಹಾಕೋ ವಿಷಯ. ಇಲ್ಲಿ ನನ್ನ ಕಥೆ ಹೇಳ್ಲೇಬೇಕು, ಯಾಕಂದ್ರೆ ಈ ತಪ್ಪು ನಾನೂ ಮಾಡಿದೀನಿ. 23 ವರ್ಷ ಇರಬೇಕು ಆಗ, ಇನ್‌ಸ್ಪೆಕ್ಷನ್‌ಗೆ ಹಾಕಿದ್ರು. ಬುಷ್ ಅಂದ್ರೆ ಮಧ್ಯ ತೂತಿರೋ ಲೋಹದ ಕೊಳವೆ ತುಂಡು, ಅವುಗಳ ಒಂದು ಲಾಟ್, 400 ಪೀಸು. ಬೋರ್, ಅಂದ್ರೆ ಆ ತೂತಿನ ಅಳತೆ ನೋಡೋಕೆ ಪ್ಲಗ್ ಗೇಜ್ ಇರುತ್ತೆ, ಒಂದು ತುದಿ ಗೋ, ಇನ್ನೊಂದು ತುದಿ ನೋ-ಗೋ. ಗೋ ತುದಿ ಸಲೀಸಾಗಿ ಒಳಗೆ ಹೋಗ್ಬೇಕು, ನೋ-ಗೋ ಹೋಗಬಾರ್ದು, ಅಷ್ಟೇ ಪರೀಕ್ಷೆ. ಸುಮಾರು ಪೀಸುಗಳಲ್ಲಿ ಗೋ ತುದಿನೇ ಹೋಗ್ತಿರ್ಲಿಲ್ಲ, ಬೋರ್ ಟೈಟ್. ನಾನು ಸೂಪರ್‌ವೈಸರ್‌ಗೆ ಹೇಳ್ದೆ. ಗಾಡಿ ಗೇಟಲ್ಲಿ ನಿಂತಿದೆ, ಒತ್ತಿದ್ರೆ ಹೋಗುತ್ತೆ, ಸಹಿ ಹಾಕು ಅಂದ್ರು. ಹಾಕ್ದೆ. ಹೊಸ ಕೆಲಸ, ಮನೇಲಿ ತಂಗಿ ಮದುವೆ ಸಾಲ, ಕಾರಣ ಏನು ಬೇಕಾದ್ರೂ ಕೊಡಬಹುದು. ಹತ್ತು ದಿನಕ್ಕೆ ಇಡೀ ಲಾಟ್ ವಾಪಸ್ ಬಂತು. ಸೂಪರ್‌ವೈಸರ್‌ಗೆ ಏನೂ ಆಗ್ಲಿಲ್ಲ, ನನಗೂ ಒಂದು ಬೈಗುಳದಲ್ಲಿ ಮುಗೀತು. ಆದ್ರೆ ಲೇತ್ ಮೇಲೆ ಕೆಲಸ ಮಾಡೋ ಒಬ್ಬ ವಯಸ್ಸಾದ ಟರ್ನರ್, ಅವರ ಹೆಲ್ಪರ್ ಹುಡುಗ, ಇಬ್ಬರೂ ಎರಡು ಭಾನುವಾರ ಬಂದು ಒಂದೊಂದೇ ಪೀಸ್ ಮತ್ತೆ ರೀಮರ್ ಹಾಕಿ ತೂತು ಹಿಗ್ಗಿಸಿ ಸರಿ ಮಾಡಿದ್ರು, ಓಟಿ ಇಲ್ಲದೆ. ಎರಡನೇ ಭಾನುವಾರ ನಾನೂ ಹೋದೆ, ಸಹಾಯ ಮಾಡ್ತೀನಿ ಅಂತ. ಆ ಹಿರಿಯರು ನನಗೆ ಒಂದು ಮಾತೂ ಅನ್ಲಿಲ್ಲ, ಸುಮ್ನೆ ಗೇಜ್ ನನ್ನ ಕೈಗೆ ಕೊಟ್ಟು ನೋಡು ಅಂದ್ರು. 400 ಪೀಸೂ ನೋಡ್ದೆ. ಆ ಗೇಜಿನ ತಣ್ಣಗಿನ ಮುಟ್ಟು ಇವತ್ತಿಗೂ ನನ್ನ ಬೆರಳಲ್ಲಿದೆ.

ಶರಣರು ಬರೀ ಕಾಯಕ ಅನ್ನಲ್ಲ, ಸತ್ಯಶುದ್ಧ ಕಾಯಕ ಅಂತಾರೆ. ಸತ್ಯಕ್ಕ ಅನ್ನೋ ಶರಣೆ, ಕಸ ಗುಡಿಸೋ ಕಾಯಕದವಳು ಅಂತ ಹೇಳ್ತಾರೆ, ಲಂಚ ವಂಚನೆಗೆ ಕೈ ಚಾಚಲ್ಲ, ದಾರೀಲಿ ಚಿನ್ನ ಬಟ್ಟೆ ಬಿದ್ದಿದ್ರೂ ಮುಟ್ಟಿ ಎತ್ತಲ್ಲ ಅಂತ ಆಣೆ ಇಟ್ಟವಳು. ಮಾಡದ ಕೆಲಸವನ್ನ ಮಾಡಿದೀನಿ ಅಂತ ಬರೆದು ಸಂಬಳ ತಗೊಳ್ಳೋದು ಆ ಬಿದ್ದ ಚಿನ್ನ ಎತ್ಕೊಂಡ ಹಾಗೇ. ಇದರಲ್ಲಿ ರಾಜಿ ಬೇಡ. ಜಗಳ ಆಡಿ ಅಂತಾನೂ ಹೇಳ್ತಿಲ್ಲ ನಾನು. ಪಾಸ್ ಹಾಕೋ ಜಾಗದಲ್ಲಿ "ರನ್ ಆಗಿಲ್ಲ, ಸಮಯ ಇರ್ಲಿಲ್ಲ" ಅಂತ ಹಾಕಿ, ಯಾವ್ಯಾವುದು ಬಿಟ್ಟು ಹೋಗಿದೆ, ಅದರಿಂದ ಏನು ಅಪಾಯ ಅಂತ ಎರಡು ಸಾಲು ಮೇಲ್ ಬರೆದು ಕಳಿಸಿ. ಹಂಗೇ ರಿಲೀಸ್ ಮಾಡ್ಬೇಕು ಅಂದ್ರೆ ಆ ತೀರ್ಮಾನ ಮೇಲಿನವರು ತಮ್ಮ ಹೆಸರಲ್ಲಿ ತಗೊಳ್ಲಿ. ಬಹಳ ಕಡೆ ಈ ಮೇಲ್ ಹೋದ ಕೂಡ್ಲೇ ಎಲ್ಲಿಂದಲೋ ಎರಡು ದಿನ ಟೈಮ್ ಸಿಗುತ್ತೆ, ನೋಡಿದೀನಿ.

ಒಂದು ಮಾತು ಮರೆತಿದ್ದೆ. ಕೆಲಸಕ್ಕೆ ಅರ್ಥ ಇದೆ ಅನ್ನೋದನ್ನೇ ಇಟ್ಕೊಂಡು ಜನರ ಹೊಟ್ಟೆ ಮೇಲೆ ಹೊಡೆಯೋದೂ ನಡೆಯುತ್ತೆ, ಅದರ ಬಗ್ಗೆ ಎಚ್ಚರ ಇರಲಿ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಮಾಡೋ ಕೆಲಸಕ್ಕಿಂತ ಅರ್ಥ ಇರೋ ಕೆಲಸ ಬೇರೆ ಇದೆಯಾ? ಅವರಿಗೆ ಕೊಡೋದಕ್ಕೆ ಸಂಬಳ ಅನ್ನೋ ಹೆಸರೂ ಇಲ್ಲ, ಗೌರವಧನ ಅಂತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಮಾಡ್ತಾರೆ, ಹೆಚ್ಚಿನವರು ಹೆಂಗಸರೇ. ಉದ್ದ ಅಗಲ 3ಕ್ಕೆ 2 ಲೆಕ್ಕ, ಚಕ್ರದ 24 ಕಡ್ಡಿ ಎರಡೂ ಮುಖದಲ್ಲಿ ಒಂದರ ಮೇಲೊಂದು ಕೂರಬೇಕು, ಹೊಲಿಗೆ ಬಣ್ಣ ಎಲ್ಲಕ್ಕೂ ಬಿಐಎಸ್ ಅನ್ನೋ ಸರ್ಕಾರಿ ಮಾನಕ ಸಂಸ್ಥೆಯ ಅಳತೆ. ಅಷ್ಟು ಶ್ರದ್ಧೆಯಿಂದ ಮಾಡಿದವರಿಗೆ, 2021ರ ಡಿಸೆಂಬರಲ್ಲಿ ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿದ ಮೇಲೆ ಆರ್ಡರ್ ಬಿದ್ದುಹೋಯ್ತು. ಶ್ರದ್ಧೆ ಒಂದೇ ಅನ್ನ ಹಾಕಲ್ಲ ಅನ್ನೋದಕ್ಕೆ ಹೇಳ್ದೆ. ಅದಕ್ಕೇ ನಿಮ್ಮ ಸಂಬಳ, ನಿಮ್ಮ ರಜೆ, ನಿಮ್ಮ ಮನೆಗೆ ಹೋಗೋ ಹೊತ್ತು, ಇವನ್ನ ಕೇಳೋದು ಕಾಯಕಕ್ಕೆ ವಿರುದ್ಧ ಅಲ್ಲ. ಲಕ್ಕಮ್ಮ ಸಾಕು ಅಂದಿದ್ದು ತನ್ನ ಮನೆಗೆ ಬಂದ ಅಕ್ಕಿಗೆ, ಬೇರೆಯವರ ಪಾಲಿನ ಅಕ್ಕಿಗಲ್ಲ. ನಿಮ್ಮ ಮ್ಯಾನೇಜ್‌ಮೆಂಟು ತನ್ನ ಆಸೆಗೆ ಸಾಕು ಅನ್ನಲ್ಲ ಅಂದ್ರೆ, ನಿಮ್ಮ ರಾತ್ರಿಗಳಿಗೆ ಆ ಮಾತನ್ನ ನೀವೇ ಹೇಳ್ಬೇಕಾಗುತ್ತೆ.

ಬಿಡ್ಲಾ ಅಂತ ಕೇಳಿದ್ರಿ. ಕಾಶ್ಮೀರದ ಅರಸ ಆಗಿದ್ದವನು ಎಲ್ಲ ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಹೊತ್ತು ಮಾರಿ ಮೋಳಿಗೆ ಮಾರಯ್ಯ ಆದ ಅಂತ ನಮ್ಮಲ್ಲಿ ಕಥೆ ಇದೆ, ಕೆಲಸ ಬದಲಾಯಿಸೋದು ಪಾಪ ಅಂತ ಯಾವ ಶರಣರೂ ಹೇಳಿಲ್ಲ. ಆದ್ರೆ ಈ ವಾರ ಬೇಡ, ಈಗ ಬಿಟ್ರೆ ಓಡಿ ಬಂದ ಹಾಗಾಗುತ್ತೆ, ಇದೇ ಕಲ್ಲು ಮುಂದಿನ ಆಫೀಸ್‌ಗೂ ಬರುತ್ತೆ. ಮೂರು ತಿಂಗಳು ಇಟ್ಕೊಳ್ಳಿ. ಕಂಪ್ಲೇಂಟ್‌ಗಳನ್ನ ಓದಿ, ದಿನಕ್ಕೆ ಒಂದು ಕೆಲಸ ಕಿಟಕಿ ಹತ್ರ ಹಿಡಿದು ನೋಡಿ, ವಾರದಲ್ಲಿ ಮೂರು ದಿನ ಆದ್ರೂ ಸಂಜೆ 7 ಗಂಟೆಗೆ ಆಫೀಸಿಂದ ಎದ್ದು ಹೊರಡಿ, ಸುಳ್ಳು ಪಾಸ್ ಹಾಕಬೇಡಿ. ಇಷ್ಟು ಮಾಡಿದ್ಮೇಲೂ ಬೆಳಿಗ್ಗೆ ಆ ಭಾರ ಹಂಗೇ ಇದ್ರೆ ಬೇರೆ ಕೆಲಸ ಹುಡುಕಿ, ಯಾರ ಮುಂದೂ ತಲೆ ತಗ್ಗಿಸ್ಬೇಕಾಗಿಲ್ಲ. ಆ ಮೇಲ್ ಬರೆದಿದ್ದಕ್ಕೇ ನಿಮ್ಮನ್ನ ಮೂಲೆಗೆ ಹಾಕಿದ್ರೆ ಮೂರು ತಿಂಗಳೂ ಕಾಯಬೇಡಿ, ಕೈಯಲ್ಲಿ ಆರು ತಿಂಗಳ ಖರ್ಚಿಗೆ ದುಡ್ಡು ನೋಡ್ಕೊಂಡು ಹೊರಡಿ. ನಿದ್ದೆನೇ ಬರ್ತಿಲ್ಲ, ಊಟ ಸೇರ್ತಿಲ್ಲ ಅನ್ನೋ ಮಟ್ಟಕ್ಕೆ ಹೋಗಿದ್ರೆ ಮಾತ್ರ ಇದೆಲ್ಲ ಆಮೇಲೆ, ಮೊದಲು ಒಬ್ಬ ಡಾಕ್ಟರನ್ನ ಕಾಣಿ.

ಮತ್ತೆ ಈ ಸಲ ಊರಿಗೆ ಹೋದಾಗ ಅಪ್ಪನ ಹತ್ರ ಕಾಯಕದ ಬಗ್ಗೆ ವಾದ ಮಾಡೋಕೆ ಹೋಗಬೇಡಿ. ಡಿಪೋದಲ್ಲಿ ನೈಟ್ ಶಿಫ್ಟಿದ್ದಾಗ, ಬೆಳಿಗ್ಗೆ ಮೊದಲ ಬಸ್ ಹೊರಡೋ ಹೊತ್ತಿಗೆ, ಬ್ರೇಕ್ ನೋಡದೇನೇ ಓಕೆ ಅಂತ ಬರ್ಕೊಡು ಅಂತ ಯಾರಾದ್ರೂ ಯಾವತ್ತಾದ್ರೂ ಹೇಳಿದ್ರಾ, ಆವಾಗ ನೀವೇನು ಮಾಡಿದ್ರಿ ಅಂತ ಕೇಳಿ. ಅವರು ಏನು ಹೇಳಿದ್ರು ಅಂತ ನನಗೂ ಬರೀರಿ.